ಹೇಮಾವತಿಯ ದಂಡೆಯ ಒಕ್ಕಲು

ಸಕಲೇಶಪುರದ ಕಾಫಿಯ ಮಲೆಗಳನ್ನಿಳಿದು, ಆಲೂರು ಸೀಮೆಯ ದಿಬ್ಬತಗ್ಗುಗಳನ್ನು ಬಳಸಿ ಬರುವ ಹೇಮಾವತಿಯು, ಗೊರೂರಿನ ಅಣೆಕಟ್ಟನ್ನು ಮುಟ್ಟುವ ಮುನ್ನ, ಶೆಟ್ಟಿಹಳ್ಳಿಯ ಭಗ್ನ ಚರ್ಚೊಂದನ್ನು ಮಳೆಗಾಲದಲ್ಲಿ ಮುಳುಗಿಸಿ ಬೇಸಗೆಯಲ್ಲಿ ಬಯಲಿಗೆ ಬಿಡುವಳು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಆ ರೋಸರಿ ದೇವಾಲಯದ ಕಮಾನುಗಳನ್ನು ನೋಡಿದವರೆಲ್ಲ ಕೊಂಡಾಡುವರು. ನನಗಾದರೋ, ಆ ಗೋಡೆಗಳಿಗಿಂತ ಅರ್ಧ ಶತಮಾನದಷ್ಟು ಹಳೆಯದಾದ ಈ ಸೀಮೆಯ ಕ್ರೈಸ್ತ ಒಕ್ಕಲುಗಳ ಚರಿತ್ರೆಯೇ ಹೆಚ್ಚು ಆದರಣೀಯವೆನಿಸುತ್ತದೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮರಳಿ ಒಂದುಗೂಡಿಸಲು ಬಂದವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಅಬ್ಬೆ ದುಬಾಯ್. ನಾಡಿನವರ ಉಡುಪನ್ನೇ ಉಟ್ಟು, ನಾಡಿನವರ ಆಚಾರಗಳನ್ನೇ ಅನುಸರಿಸಿ, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯೋರು’ ಆದ ಈ ಪುರುಷನು, ನೆಲೆತಪ್ಪಿದ ಕುಟುಂಬಗಳಿಗೆ ಉಪದೇಶವೊಂದರಿಂದಲೇ ಬದುಕು ಕೂಡದೆಂಬುದನ್ನು ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಆತನು ಸ್ಥಾಪಿಸಿದ ಬೇಸಾಯದ ನೆಲೆಗಳೇ ಸಾಕ್ಷಿ. ಹಾಸನದ ಬಳಿಯ ಸಾತಳ್ಳಿಯೂ ಅದರ ಸುತ್ತಣ ಗ್ರಾಮಗಳೂ ಹೀಗೆ ಉಳುವವರ ನೆಲೆಗಳಾಗಿ ಬೆಳೆದವು. ಊರು ನಿಲ್ಲುವುದಕ್ಕೆ ಗುಡಿಗಿಂತ ಮೊದಲು ಗದ್ದೆ ಬೇಕು. ಈ ವಿವೇಕವನ್ನು ದೊಡ್ಡಸ್ವಾಮಿಯವರಲ್ಲಿ ಕಂಡು ನಾನು ತಲೆಬಾಗುತ್ತೇನೆ.

ಸಿಡುಬು ಊರೂರನ್ನೇ ಬರಿದುಮಾಡುತ್ತಿದ್ದ ಆ ದಿನಗಳಲ್ಲಿ ಮೈಸೂರು ಸೀಮೆಗೆ ದಾಕು ಹಾಕುವ ಪದ್ಧತಿಯನ್ನು ತಂದವರಲ್ಲಿಯೂ ಅವರೇ ಅಗ್ರಗಣ್ಯರು. 1803–04ರಲ್ಲಿ 25,432 ಮಂದಿಗೆ ದಾಕು ಹಾಕಲಾಯಿತು. ಇಂಗ್ಲೆಂಡಿನಲ್ಲಿ ಜೆನ್ನರ್ ಈ ವಿಧಾನವನ್ನು ಪ್ರಕಟಿಸಿ ಆಗಿನ್ನೂ ಆರೇ ವರ್ಷಗಳಾಗಿದ್ದುವು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ 2,000 ವರಹಗಳಿಗೆ ಕೊಂಡಿತು. ಲೋಕವು ಅವರನ್ನು ನೆನೆಯುವುದು ಆ ಗ್ರಂಥದಿಂದಲೇ. 1823ರಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳ ನಡುವೆ ಮತಪ್ರಚಾರವು ಫಲಿಸುವುದೆಂಬ ಭರವಸೆಯನ್ನೇ ಅವರು ತೊರೆದಿದ್ದರು. ಮರಳಿ ಈ ನಾಡಿಗೆ ಬಾರದೆ 1848ರಲ್ಲಿ ತೀರಿಕೊಂಡರು. ಅವರು ನಿರಾಶರಾದರೂ ಅವರು ನೆಲೆಗೊಳಿಸಿದ ಒಕ್ಕಲು ಮಾತ್ರ ಕದಲಲಿಲ್ಲ.

ಆದರೆ ಮುಂದೆ, ಗೊರೂರಿನ ಆ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ಹಿನ್ನೀರು ಏರಿದಾಗ, ಶೆಟ್ಟಿಹಳ್ಳಿಯ ಜನ ಮನೆಮಠಗಳನ್ನೂ ಗದ್ದೆಗಳನ್ನೂ ತೊರೆದು ಎತ್ತರದ ನೆಲಕ್ಕೆ ಹೋಗಬೇಕಾಯಿತು. ಉಳಿದಿರುವ ಗೋಡೆಗಳನ್ನು ರಕ್ಷಿಸಬೇಕೆಂಬ ಕೂಗು ನ್ಯಾಯವಾದದ್ದೇ. ಆದರೆ ಮುಳುಗಿದ ಗದ್ದೆಗಳ ಹೆಸರುಗಳನ್ನೂ, ಕಾಲುವೆಗಳು ಹರಿದ ದಾರಿಯನ್ನೂ, ಯಾವ ಮನೆತನದವರು ಎಲ್ಲಿ ಉಳುತ್ತಿದ್ದರೆಂಬುದನ್ನೂ ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದಿಡುವ ಕೆಲಸವು ಅದಕ್ಕಿಂತಲೂ ತುರ್ತಾಗಿ ಆಗಬೇಕು.