ಬೇಲಿ ತಂತಿಯಲ್ಲಿ ಫೋನು

ಊರಿಗೆ ಹೋದಾಗೆಲ್ಲ ಆಫೀಸ್ ಮೀಟಿಂಗಿಗೆ ಗುಡ್ಡ ಹತ್ತಬೇಕು. ಕೇಬಲ್ ಎಳೀರಿ ಅಂದ್ರೆ, ‘ನಿಮ್ಮೂರಲ್ಲಿ ಇರೋದೇ ಹದಿನೆಂಟು ಮನೆ ಸಾರ್’ ಅಂತಾರೆ. ನೂರಿಪ್ಪತ್ತೈದು ವರ್ಷದ ಹಿಂದೆ ಅಮೆರಿಕದ ರೈತರ ಪಾಡೂ ಇದೇ ಆಗಿತ್ತು.

1893-94ರಲ್ಲಿ ಬೆಲ್‌ನ ಮೂಲ ಪೇಟೆಂಟ್‌ಗಳ ಅವಧಿ ಮುಗಿಯಿತು. ಬೆಲ್ ಕಂಪನಿಯ ಕಣ್ಣೆಲ್ಲ ಪಟ್ಟಣಗಳ ಮೇಲೆ. ದೂರದೂರದ ಹೊಲಮನೆಗಳಿಗೆ ಕಂಬ ನೆಟ್ಟರೆ ಅಸಲೂ ಗಿಟ್ಟೋದಿಲ್ಲ. ರೈತರು ಕಾಯಲಿಲ್ಲ. ಎಷ್ಟೋ ಕಡೆ ದನ ತಡೆಯೋ ಮುಳ್ಳುತಂತಿ ಬೇಲಿಗೇ ಫೋನ್ ಜೋಡಿಸಿದರು. ಒಂದೇ ತಂತಿಗೆ ಹಲವು ಮನೆ. ಕರೆ ಯಾರಿಗೆ ಅಂತ ತಿಳಿಯೋಕೆ ಒಂದೊಂದು ಮನೆಗೂ ಉದ್ದ-ಗಿಡ್ಡ ಗಂಟೆಯ ಗುರುತು. ಆದ್ರೂ ಮಿಕ್ಕವರು ರಿಸೀವರ್ ಎತ್ತಿ ಕದ್ದು ಕೇಳೋರು! ಮಳೆ ಬಂದ್ರೆ, ಬೇಲಿ ಮುರಿದ್ರೆ ಮಾತು ಬಂದ್.

ಬೇಲಿ ಫೋನು ಹೋಯ್ತು. ಕೂಡಿ ಮಾಡೋ ರೂಢಿ ಉಳೀತು. ಹಳ್ಳಿ ವಿದ್ಯುತ್ತಿಗೆ ಸಾಲ ಕೊಡುತ್ತಿದ್ದ ಸರ್ಕಾರಿ ಸಂಸ್ಥೆಗೆ 1949ರಲ್ಲಿ ಫೋನಿಗೂ ಸಾಲ ಕೊಡುವ ಅಧಿಕಾರ ಸಿಕ್ಕಿತು. ಚಂದಾದಾರರೇ ಮಾಲೀಕರಾದ ಸಹಕಾರಿ ಸಂಘಗಳು ಅದರಿಂದ ಗಟ್ಟಿಯಾದವು. ಅಂಥ ಹಲವು ಸಂಘಗಳು ಇವತ್ತು ಹೊಲಮನೆಗಳಿಗೆ ಫೈಬರ್ ಎಳೆದಿವೆ.

ನಮ್ಮೂರಲ್ಲೂ ಹಾಲಿನ ಸಂಘ ಇದೆ, ಲೆಕ್ಕಪತ್ರವೂ ಸರಿಯಾಗಿದೆ. ಮುಂದಿನ ಸಭೆಯಲ್ಲಿ ಕೇಬಲ್ ವಿಷಯ ಎತ್ತಬೇಕು ಅಂತಿದ್ದೀನಿ. ಗುಡ್ಡ ಹತ್ತಿ ಹತ್ತಿ ಮಂಡಿ ನೋಯ್ತಿದೆ.