ಸಾಫ್ಟ್‌ವೇರ್ ಗೇಟಿಗೆ ಬಂದ ಖಾಕಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯೋ ನಮ್ಮಂಥವರಿಗೆ ಸೆಕ್ಯುರಿಟಿ ಅಂದ್ರೆ ಐಡಿ ಕಾರ್ಡ್ ನೋಡಿ ಒಳಗೆ ಬಿಡೋ ಗಾರ್ಡ್, ಅಷ್ಟೆ. ಆದರೆ ಇಲ್ಲಿನ ಇನ್ಫೋಸಿಸ್ ಗೇಟಿಗೆ ಬಂದೂಕು ಹಿಡಿದ ಕೇಂದ್ರ ಸರ್ಕಾರದ ಪಡೆಯೇ ಬಂತು. ಸಿಐಎಸ್‌ಎಫ್, ಅಂದರೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆ. ಖಾಸಗಿ ಕಂಪನಿಗೆ ಸರ್ಕಾರದ ಪಡೆ ಯಾಕೆ? ಈ ಕುತೂಹಲದಿಂದ ಅದರ ಇತಿಹಾಸ ಹುಡುಕಿದೆ.

ಇದರ ಮೂಲ ಒಂದು ಬೆಂಕಿ! 1964ರಲ್ಲಿ ರಾಂಚಿಯ ಹೆವಿ ಇಂಜಿನಿಯರಿಂಗ್ ಕಾರ್ಪೊರೇಷನ್‌ನಲ್ಲಿ ದೊಡ್ಡ ಅಗ್ನಿ ಅನಾಹುತ ಆಯ್ತು. ಸರ್ಕಾರಿ ಕಾರ್ಖಾನೆಗಳನ್ನು ಕಾಯೋಕೆ ಶಿಸ್ತಿನ ಪಡೆಯೊಂದು ಬೇಕು ಅನ್ನೋ ಮಾತು ಅಲ್ಲಿಂದ ಗಟ್ಟಿಯಾಯ್ತು. 1968ರಲ್ಲಿ ಕಾಯ್ದೆ ಬಂತು, 1969ರ ಮಾರ್ಚ್ 10ರಂದು ಮೂರು ಬೆಟಾಲಿಯನ್‌ಗಳ ಪಡೆ ಶುರುವಾಯ್ತು. ಇವತ್ತಿಗೂ ಅದಕ್ಕೆ ತನ್ನದೇ ಅಗ್ನಿಶಾಮಕ ವಿಭಾಗ ಇದೆ. 1983ರಲ್ಲಿ ಅದು ಕೇಂದ್ರದ ಸಶಸ್ತ್ರ ಪಡೆ ಅನ್ನಿಸಿಕೊಂಡಿತು. 1999ರ ಕಂದಹಾರ್ ವಿಮಾನ ಅಪಹರಣದ ನಂತರ ವಿಮಾನ ನಿಲ್ದಾಣಗಳೂ ಅದರ ಕೈಗೆ ಬಂದವು. ನಮ್ಮಲ್ಲಿ ಬಹಳ ಜನಕ್ಕೆ ಅದರ ಪರಿಚಯ ಆಗಿದ್ದೇ ಅಲ್ಲಿ.

ಬೆಂಗಳೂರಿಗೂ ಭಯ ಹೊಸದಲ್ಲ. 2005ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗುಂಡಿನ ದಾಳಿ ಆಗಿ ಪ್ರೊಫೆಸರ್ ಎಂ.ಸಿ. ಪುರಿ ಸತ್ತರು. 2008ರ ಜುಲೈನಲ್ಲಿ ಸರಣಿ ಸ್ಫೋಟ. ಅದೇ ನವೆಂಬರ್‌ನಲ್ಲಿ ಮುಂಬೈ ದಾಳಿ. ಅಲ್ಲಿ ಗುರಿಯಾದವುಗಳಲ್ಲಿ ಖಾಸಗಿ ಹೋಟೆಲುಗಳೂ ಇದ್ದವು. 2009ರಲ್ಲಿ ಕಾಯ್ದೆ ತಿದ್ದಿ, ಖಾಸಗಿ ಸಂಸ್ಥೆಗಳಿಗೂ ಪಡೆ ಕೊಡಬಹುದು ಅಂತ ಮಾಡಿದರು. ಆ ವರ್ಷ ಜುಲೈ ಕೊನೆಗೆ ಮೈಸೂರಿನ ಇನ್ಫೋಸಿಸ್‌ಗೆ ಪಡೆ ಬಂತು. ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸಿಗೂ ಬಂತು. ಖರ್ಚು ಕಂಪನಿಯದೇ.

ನನಗೆ ಮುಖ್ಯ ಅನ್ನಿಸಿದ್ದು ಇದು. 1969ರಲ್ಲಿ ದೇಶದ ಆಸ್ತಿ ಅಂದ್ರೆ ಉಕ್ಕು, ಯಂತ್ರ. ನಲವತ್ತು ವರ್ಷದಲ್ಲಿ ಆ ಪಟ್ಟಿಗೆ ಸಾಫ್ಟ್‌ವೇರ್ ಕ್ಯಾಂಪಸ್ಸೂ ಸೇರಿತು. ದುಡ್ಡು ಕೊಡ್ತಾರಲ್ಲ, ತಪ್ಪೇನು ಅಂತೀರಾ? ತೆರಿಗೆದಾರನ ತಲೆ ಮೇಲೆ ಹಾಕದೆ ಕಂಪನಿಯೇ ಕೊಡೋದು ಸರಿಯೇ. ಆದರೆ ಜವಾನರಿಗೆ ತರಬೇತಿ ಕೊಟ್ಟು ಬೆಳೆಸಿದ್ದು ಇಡೀ ದೇಶ. ಪೀಣ್ಯದ ಲೇತ್ ಶೆಡ್ಡಿನ ಮಾಲೀಕ ರಾತ್ರಿ ಒಬ್ಬ ವಾಚ್‌ಮನ್‌ನನ್ನೇ ನಂಬಿರ್ತಾನೆ. ಅವನಿಗೂ ಸಿಐಎಸ್‌ಎಫ್ ಬೇಕು ಅಂತಲ್ಲ, ಅವನ ಏರಿಯಾದ ಠಾಣೆಗೆ ಸಾಕಷ್ಟು ಪೊಲೀಸರು ಬೇಕು. ಕಾವಲು ಎಲ್ಲಿಗೆ ಅನ್ನೋದನ್ನ ಅಪಾಯ ನಿರ್ಧರಿಸಬೇಕೇ ಹೊರತು ಜೇಬಲ್ಲ.

ನೀವೇನಂತೀರಿ?