ಕೋಣೆಯ ಸದ್ದನ್ನು ತಿದ್ದುವ ವಿದ್ಯೆ

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯಕ್ಕೆ ಹೊಸ ಉಪನ್ಯಾಸ ಸಭಾಂಗಣ ಬಂದಿತ್ತು. ಅದರಲ್ಲಿ ಪಾಠ ಮಾಡುವುದೇ ಕಷ್ಟ. ಆಡಿದ ಮಾತು ಐದೂವರೆ ಸೆಕೆಂಡು ಮೊಳಗುತ್ತಲೇ ಇರುತ್ತಿತ್ತು, ಮುಂದಿನ ಮಾತುಗಳೆಲ್ಲ ಅದರೊಳಗೆ ಕಲಸಿಹೋಗುತ್ತಿದ್ದವು. ಇದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಯುವ ಅಧ್ಯಾಪಕನಿಗೆ ಬಂತು. ಕೋಣೆಯನ್ನು ಮೊದಲು ಅಳೆದು ಆಮೇಲೆ ತಿದ್ದುವ ಕ್ರಮ ಹುಟ್ಟಿದ್ದು ಆತನ ಕೈಯಲ್ಲಿ. ಇಂದಿನ ಹೋಮ್ ಥಿಯೇಟರ್ ರಿಸೀವರ್ ಪಾಲಿಸುವುದೂ ಅದನ್ನೇ.

ಹಗಲಿನ ಗದ್ದಲದಲ್ಲಿ ಅಳತೆ ಸಾಧ್ಯವಿರಲಿಲ್ಲ. ಸಬೈನ್ ಕೆಲಸ ಮಾಡಿದ್ದು ರಾತ್ರಿ ಹೊತ್ತು. ಸೆಕೆಂಡಿಗೆ 512 ಕಂಪನಗಳ ಆರ್ಗನ್ ಕೊಳವೆಯನ್ನು ಊದಿಸಿ ತಟ್ಟನೆ ನಿಲ್ಲಿಸಿ, ಸದ್ದು ಕಿವಿಗೆ ಕೇಳದಾಗುವವರೆಗಿನ ಕಾಲವನ್ನು ದಾಖಲಿಸುತ್ತಿದ್ದ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ತರಿಸಿ, ಕೆಲವನ್ನು ಹಾಸಿ ಅಳೆದು, ಇನ್ನಷ್ಟು ಹಾಸಿ ಮತ್ತೆ ಅಳೆದ. ಆಸನ, ವೇದಿಕೆ, ಓಡಾಟದ ದಾರಿ, ಹಿಂಗೋಡೆಗಳೆಲ್ಲ ಮೆತ್ತೆಯಿಂದ ಮುಚ್ಚಿದಾಗ ಅನುರಣನದ ಕಾಲ 1.14 ಸೆಕೆಂಡಿಗೆ ಇಳಿಯಿತು. ತಾನು ತೊಟ್ಟ ಬಟ್ಟೆ ಕೂಡ ಸದ್ದನ್ನು ಹೀರಿ ಲೆಕ್ಕ ತಪ್ಪಿಸುತ್ತಿದೆ ಎಂದು ತಿಳಿದಾಗ ಸಾವಿರಾರು ಅಳತೆಗಳನ್ನು ಕೈಬಿಟ್ಟು, ಒಂದೇ ಬಗೆಯ ಉಡುಪಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ. ಆ ನಿಷ್ಠುರತೆಯಿಂದಲೇ ಈ ವಿದ್ಯೆ ವಿಜ್ಞಾನವಾಯಿತು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚು, ಸದ್ದು ಹೀರುವ ಮೇಲ್ಮೈ ಹೆಚ್ಚಿದಷ್ಟೂ ಕಡಿಮೆ ಎಂಬ ಸೂತ್ರ 1898ರಲ್ಲಿ ಸಿಕ್ಕಿತು. ಅದರ ಆಧಾರದ ಮೇಲೆ ರೂಪುಗೊಂಡ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಗೋಡೆಯನ್ನು ಬಿಟ್ಟು ಸ್ಪೀಕರಿಗೆ ಹೋಗುವ ಸಂಕೇತವನ್ನೇ ತಿದ್ದುವ ದಾರಿ ಬಲವಾದದ್ದು 1960ರ ದಶಕದಲ್ಲಿ. ಟೆಕ್ಸಾಸಿನ ಸಿ. ಪಿ. ಬೋನರ್ ಸಭಾಂಗಣಗಳಲ್ಲಿ ಮೈಕ್ ಕೂಗುವ ಕಂಪನಾಂಕಗಳನ್ನು ಹುಡುಕಿ, ಕಿರಿದಾದ ಫಿಲ್ಟರುಗಳಿಂದ ಅವನ್ನಷ್ಟೇ ತಗ್ಗಿಸಿದರು. ತಗ್ಗು ದನಿಯಿಂದ ಕೀರಲು ದನಿಯವರೆಗೆ ಏರುವ ಪರೀಕ್ಷಾ ಸದ್ದಿನಿಂದ ಕೋಣೆಯ ಗುಣವನ್ನೂ ಸ್ಪೀಕರಿನ ವಿರೂಪವನ್ನೂ ಬೇರ್ಪಡಿಸುವ ವಿಧಾನವನ್ನು ಇಟಲಿಯ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಆಡಿಸ್ಸಿ, ಸ್ವೀಡನ್ನಿನ ಉಪ್ಸಾಲಾದಿಂದ ಡಿರಾಕ್ ಎಂಬ ಕೋಣೆ ತಿದ್ದುವ ತಂತ್ರಗಳು ಹೊರಬಂದ ಮೇಲೆ ಈ ತಿದ್ದುಪಡಿ ಮನೆಯ ರಿಸೀವರಿನೊಳಗೇ ಸೇರಿತು.

ಮನೆಯ ಕೋಣೆಯ ತೊಡಕು ಸಭಾಂಗಣದ್ದಲ್ಲ. ಐದು ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಸುಮಾರು 34 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. ಆಗ ಗೋಡೆಯ ಬಳಿ ಕೂತವರಿಗೆ ಬೇಸ್ ಗುಡುಗುತ್ತದೆ, ನಡುವೆ ಕೂತವರಿಗೆ ಮಾಯವಾಗುತ್ತದೆ. ಆದ್ದರಿಂದಲೇ ಅಳತೆಯ ಮೈಕನ್ನು ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಸೋಫಾದ ಸುತ್ತ ಹಲವು ಕಡೆ ಅಳೆಯಬೇಕು. ಇಂಥ ನಿಂತ ಅಲೆಗಳ ಕಾರುಬಾರು ಯಾವ ಕಂಪನಾಂಕದವರೆಗೆ ಎಂದು 1954ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿದ ಗಡಿಯೂ ಇಲ್ಲಿ ಮುಖ್ಯ. 50 ಘನ ಮೀಟರ್ ಗಾತ್ರ, ಅರ್ಧ ಸೆಕೆಂಡ್ ಅನುರಣನದ ಕೋಣೆಯಲ್ಲಿ ಅದು ಸುಮಾರು 200 ಹರ್ಟ್ಸ್. ಫಿಲ್ಟರುಗಳ ನಿಜವಾದ ಪ್ರಯೋಜನ ಅದರ ಕೆಳಗೆ. ಮೇಲಿನ ಸದ್ದಿನ ಮೊಳಗನ್ನು ತಗ್ಗಿಸುವುದು ರತ್ನಗಂಬಳಿ, ದಪ್ಪ ಪರದೆ, ಪುಸ್ತಕದ ಕಪಾಟುಗಳ ಕೆಲಸ. ಉಬ್ಬಿದ ಬೇಸನ್ನು ಫಿಲ್ಟರ್ ಸಲೀಸಾಗಿ ತಗ್ಗಿಸುತ್ತದೆ. ಆದರೆ ಅಲೆಗಳು ಒಂದನ್ನೊಂದು ರದ್ದುಮಾಡಿದ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅಷ್ಟೂ ರದ್ದಾಗುತ್ತದೆ. ಅಲ್ಲಿ ಸಬ್‌ವೂಫರನ್ನೋ ಸೋಫಾವನ್ನೋ ಸರಿಸಿ, ಮತ್ತೆ ಅಳೆಯಬೇಕು.